ಹೊಳೆ ನೀರಿನ ಕಾಳು

“ಇವು ಕಾಳೇನ ಬೇ? ಹೊಲದಾನ ಹರಳು ಆರಿಸಿ ತಂದು ಕುದಿಸಿದಂಗ ಅದಾವು!” ನಿಂಬೆವ್ವ ಬಾಯಲ್ಲಿದ್ದ ಅವರೆಕಾಳನ್ನು ಉಗಿದಳು. ಅದು ಸ್ಟೀಲಿನ ತಟ್ಟೆಗೆ ಬಿದ್ದು ಠಣ್ ಎಂದಿತು.

“ಮುಂಜಾನಿಂದ ಕುದಿಸೇನ್ರಿ ಅತ್ತಿ. ಕಾಳು ಬೇಯಲಿಲ್ಲ ಅಂದ್ರ ನಾ ಏನು ಒಲ್ಯಾಗ ಕುಂದರಲಿ?” ಸೊಸೆ ಶಿವಗಂಗಾ ಸೌಟು ಕುಕ್ಕಿದಳು.

“ಕೈಗುಣ ಇರಬೇಕು. ನಿನ್ನ ಬಾಯಿ ಮೆತ್ತಗಾದ ದಿನ ಕಾಳೂ ಮೆತ್ತಗಾಗ್ತಾವ.”

“ನೀವೂ ಜೀವನಪೂರ್ತಿ ಸೋಡಾ ಹಾಕೇ ಬೇಯಿಸೀರಿ. ಓಣಿಗೆಲ್ಲ ಗೊತ್ತೈತಿ.”

ನಿಂಬೆವ್ವ ತಟ್ಟೆ ಆಚೆ ಸರಿಸಿದಳು. “ನಾಳಿಂದ ಒಲಿ ಮುಂದ ನಾ ಕುಂದರತೇನಿ. ನೀ ಅಂಗಳದ ಕಸ ಹೊಡಿ ಸಾಕು.”

ಒಲೆ ಕೈಬಿಟ್ಟರೆ ಈ ಮನೆಯಲ್ಲಿ ತಾನು ಕೂಲಿಯವಳೇ ಎಂದು ಶಿವಗಂಗಾಗೆ ಗೊತ್ತಿತ್ತು. “ಇನ್ನೊಂದೇ ಸಲ ಮಾಡ್ತೇನಿ. ಆಗಲಿಲ್ಲಂದ್ರ ಒಲಿ ನಿಮ್ಮದು,” ಅಂದಳು.

ಅತನೂರಿನ ಅವರ ಬೋರಿನ ನೀರು ಸವಳು. ಗಡಿಗೆಯ ಒಳಗೆಲ್ಲ ಬಿಳಿ ಹಕ್ಕಳೆ ಕಟ್ಟುತ್ತಿತ್ತು. ಆಳಂದದ ತವರುಮನೆಯ ಸಿಹಿನೀರಲ್ಲಿ ಇದೇ ಕೈಯಿಂದ ಇಟ್ಟ ಕಾಳು ಹಿಟ್ಟಾಗುತ್ತಿದ್ದವು. ಟ್ರ್ಯಾಕ್ಟರಿನಲ್ಲಿ ಹವಳಗಾದ ಕಾರ್ಖಾನೆಗೆ ಕಬ್ಬು ಹಾಕಿ ಬರುವ ಗಂಡ ಶಂಕರಲಿಂಗನ ಕೈಗೆ ಅವಳು ಖಾಲಿ ಕ್ಯಾನು ಕೊಟ್ಟಳು. “ಬರಾಗ ಭೀಮಾ ಹೊಳಿಗೆ ಇಳಿದು ತುಂಬಕೊಂಡು ಬರ್ರಿ.” ಅವನು ನಗುತ್ತಲೇ ಹೋದ. ತುಂಬಿದ ಕ್ಯಾನು ತಂದ.

ಆ ನೀರಲ್ಲಿ ರಾತ್ರಿಯಿಡೀ ನೆನೆದ ಕಾಳು ಬೆಳಿಗ್ಗೆಗೆ ಉಬ್ಬಿ, ಸಿಪ್ಪೆ ಸಡಿಲಿಸಿಕೊಂಡು, ನಿದ್ದೆಯಿಂದ ಏಳುವ ಕೂಸುಗಳ ಹಾಗೆ ಕಂಡವು. ಒಲೆಯ ಮೇಲೆ ಸದ್ದಿಲ್ಲದೆ ಬೆಂದವು. ಶಿವಗಂಗಾ ಅವನ್ನು ಚಂಬಿನ ತಳದಿಂದ ಹಿಸುಕಿದಳು. ಎಣ್ಣೆಗೆ ಬಳ್ಳೊಳ್ಳಿ, ಜೀರಿಗೆ, ಕೆಂಪು ಖಾರ ಹಾಕಿ, ಹಿಸುಕಿದ್ದನ್ನು ಸುರಿದು, ಬಾಣಲೆಯ ತಳ ಬಿಟ್ಟು ಬರುವ ತನಕ ಕೈಯಾಡಿಸಿದಳು. ಹೊಗೆ, ಆವಿ, ಕಿಟಕಿಯ ಎಳೆಬಿಸಿಲು ಒಂದರೊಳಗೊಂದು ಕರಗಿ, ಅಡುಗೆಮನೆ ನೀರಿನ ತಳದಲ್ಲಿರುವಂತೆ ತೂಗುತ್ತಿತ್ತು.

ನಿಂಬೆವ್ವ ರೊಟ್ಟಿ ಮುರಿದು, ಅದ್ದಿ, ಬಾಯಿಗಿಟ್ಟಳು. ಜಗಿಯಲಿಲ್ಲ. ಕಣ್ಣು ಮುಚ್ಚಿದಳು.

ಹೊಳೆ ದಂಡೆಯ ತನ್ನ ತವರಿನ ಅಂಗಳ ಕಣ್ಣ ಮುಂದೆ ಬಂತು. ಅವ್ವ ಚಂಬು ಹಿಡಿದು ಕಾಳು ಹಿಸುಕುತ್ತಿದ್ದಳು. ಆಚೆ ಮಂಜಿನಲ್ಲಿ ಯಾರೋ ಎಮ್ಮೆಗಳನ್ನು ನೀರಿಗಿಳಿಸುತ್ತಿದ್ದರು. ಎಮ್ಮೆಗಳ ಕೋಡುಗಳಷ್ಟೇ ತೇಲಿ ಹೋಗುತ್ತಿದ್ದವು.

“ಎಲ್ಲೀ ನೀರು ಇವು?”

“ಹೊಳೀದ್ರಿ.”

ನಿಂಬೆವ್ವ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಈ ಮನೆಗೆ ಸೊಸೆಯಾಗಿ ಬಂದ ವರ್ಷ ಅವಳ ಅತ್ತೆಯೂ ತಟ್ಟೆಗೆ ಕಾಳು ಉಗಿದಿದ್ದಳು. “ಹಂಗಾದ್ರ ನನ್ನ ಕೈಗುಣಕ್ಕೇನೂ ಆಗಿದ್ದಿಲ್ಲ,” ಅಂದಳು, ಯಾರಿಗೂ ಅಲ್ಲ.

ಬಾಣಲೆಯನ್ನು ಬೆರಳಿನಿಂದ ಒರೆಸಿ ತಿಂದಳು. ಆಮೇಲೆ ಎದ್ದು, ಒಗೆದ ಸೀರೆ ಉಟ್ಟು, ಬರಿದಾದ ಕ್ಯಾನು ಹಿಡಿದು ಹೊಸ್ತಿಲು ದಾಟಿದಳು.

“ಎಲ್ಲಿಗ್ರಿ ಅತ್ತಿ?”

“ನೀರಿಗೆ.”

ನಳದಲ್ಲಿ ಬೋರಿನ ನೀರು ಸುರಿಯುತ್ತಲೇ ಇತ್ತು. ಅವಳು ಅದರ ಪಕ್ಕದಲ್ಲೇ ಹಾದು ಬಸ್ಸಿನ ಹಾದಿ ಹಿಡಿದಳು.

ಸಂಜೆ ತವರಿನಿಂದ ನಿಂಬೆವ್ವನ ತಮ್ಮ ರೇವಣಪ್ಪ ಫೋನು ಮಾಡಿದ. “ಅಕ್ಕ ನಮ್ಮಲ್ಲೇ ಅದಾಳ. ದಂಡಿ ಮ್ಯಾಲ ಕುಂತು ಕಾಳು ಆರಿಸಾಕತ್ತಾಳ.” ಶಂಕರಲಿಂಗ ಕರೆಯಲು ಹೋದ, ಒಬ್ಬನೇ ತಿರುಗಿ ಬಂದ. “ಉಂಡು ಹೋಗು ಅಂದಳು. ಉಂಡೆ. ಬಂದೆ,” ಅಂದ.

ಅಮಾಸಿ ಕಳೆದ ಮೇಲೆ ಒಂದು ಮುಂಜಾನೆ ಬಸ್ಸಿನ ಕಂಡಕ್ಟರು ಬಾಗಿಲಿಗೆ ಬಂದು ಕ್ಯಾನು ಇಳಿಸಿ ಹೋದ. ತುಂಬಿತ್ತು. ಬಾಯಿಗೆ ನಿಂಬೆವ್ವನ ಹಳೆ ಸೀರೆಯ ಚೂರು ಬಿಗಿದಿತ್ತು.

ಶಿವಗಂಗಾ ಅದನ್ನು ಎತ್ತಿ ಒಲೆಯ ಬದಿಗೆ ಇಟ್ಟಳು. ಗಂಟು ಬಿಚ್ಚಿದಳು. ಒಳಗೆ ಕತ್ತಲಲ್ಲಿ ನೀರು ಇನ್ನೂ ಅಲುಗಾಡುತ್ತಿತ್ತು.