ನನ್ನ ಮಾತಿಗೆ ಆರದ ಬೀಡಿ

ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಹಿತ್ತಲಿನಿಂದ ಬೀಡಿ ವಾಸನೆ ಬಂತು.

"ಏನ್ರೀ ಅದು ಹೊಗೆ?"

"ಪಕ್ಕದ್ಮನೆ ಮಹಮೂದಾ ಸೌದೆ ಹಚ್ಚಿರ್ಬೇಕು ಕಣೇ," ಎಂದರು ನಮ್ಮ ಯಜಮಾನರು, ವೆಂಕಟರಾಯಪ್ಪ.

ಮಹಮೂದಾ ಗ್ಯಾಸಿನ ಒಲೆ ತಂದು ಎಷ್ಟೋ ವರ್ಷವಾಯಿತು.

ಇವರ ಹೃದಯದ ರಕ್ತನಾಳಗಳು ಕಟ್ಟಿಕೊಂಡಿವೆ, ಬೈಪಾಸ್ ಆಗಬೇಕು. "ಬೀಡಿ ಬಿಡ್ಬೇಕು, ಬಿ.ಪಿ. ಇಳೀಬೇಕು. ಇಲ್ದಿದ್ರೆ ಆಪರೇಷನ್ ಆದ್ಮೇಲೆ ಉಸಿರಾಡೋದೇ ಕಷ್ಟ ಅಜ್ಜಿ," ಎಂದು ಡಾಕ್ಟರು ಎರಡು ಸಲ ತಾರೀಖು ಮುಂದಕ್ಕೆ ಹಾಕಿದ್ದರು. ಇನ್ನೂ ತಡವಾದರೆ ಜೀವಕ್ಕೇ ಅಪಾಯ ಎಂದೂ ಅಂದರು.

ಆ ಬೀಡಿ ಬಿಡಿಸಬಲ್ಲವರು ಒಬ್ಬರೇ. ಸೂಲಿಬೆಲೆಯ ನಮ್ಮ ಅತ್ತಿಗೆ, ಇವರ ಅಕ್ಕ ಗಂಗಲಕ್ಷ್ಮಮ್ಮ. ದೀಪಾವಳಿಗೆ ಬಂದು ವಾರ ಇದ್ದರು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಹಿತ್ತಲ ಬಾಗಿಲಲ್ಲಿ ಕೂತು "ಏನಪ್ಪಾ, ಎಲ್ಲಿಗೆ?" ಎಂದರೆ ಸಾಕು, ಎಪ್ಪತ್ತರ ಗಂಡಸು ಇಸ್ಕೂಲು ಹುಡುಗನ ಹಾಗೆ ವಾಪಸ್ಸು ಬರುತ್ತಿದ್ದರು. ನಾನು ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದರೆ ನೂರ ಎಪ್ಪತ್ತು. ಅದೇ ಪಟ್ಟಿ ಅತ್ತಿಗೆ ಕಟ್ಟಿದರೆ ನೂರ ನಲವತ್ತು.

"ನೀನು ಕಟ್ಟೋದ್ ನೋಡಿದ್ರೇ ಏರುತ್ತೆ ಕಣೇ. ಎತ್ತಿಗೆ ಮೂಗುದಾರ ಹಾಕ್ದಂಗೆ ಎಳೀತೀಯ!" ಎಂದರು ಇವರು.

ಅಕ್ಕ ತಮ್ಮ ಇಬ್ಬರೂ ನಕ್ಕರು. ಇಷ್ಟು ವರ್ಷ ಇವರಿಗೆ ಮುದ್ದೆ ಕಟ್ಟಿ ಹಾಕಿದವಳು ನಾನು.

"ಊರಲ್ಲಿ ನಿಮ್ಮ ಹಸುಗಳನ್ನ ಯಾರು ಕರೀತಾರೋ ಪಾಪ," ಎಂದೆ. ಅತ್ತಿಗೆಗೆ ಕಿವಿ ಮಂದ. ಆದರೆ ಆ ಮಾತು ಚೆನ್ನಾಗಿ ಕೇಳಿಸಿತು. ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟರು. ಸಂಜೆಗೆ ಬೀಡಿ ಮತ್ತೆ ಹತ್ತಿತು.

ಫೋನಿನಲ್ಲಿ ಅವರಿಗೆ ಕೇಳಿಸದು. ಅವರ ಸೊಸೆಯ ಬಾಯಲ್ಲಿ ಹೇಳಿಸಿದರೆ ಬರುವವರಲ್ಲ. ನಾನೇ ಕರೆದು ಕಾಗದ ಬರೆಯಬೇಕು. ಬರೆದೂ ಇಟ್ಟಿದ್ದೆ, ತಿಂಗಳಾಯಿತು. ಅಂಚೆಗೆ ಹಾಕಲು ಕೈ ಬರಲಿಲ್ಲ. ಅವರು ಬಂದರೆ ಇವರು ಉಳಿಯುತ್ತಾರೆ, ಸರಿ. ಉಳಿಸಿದವರು ಮಾತ್ರ ಅವರಾಗುತ್ತಾರೆ.

ಹಿತ್ತಲಲ್ಲಿ ಕೆಮ್ಮು ಶುರುವಾಯಿತು. ನಿಲ್ಲಲೇ ಇಲ್ಲ. ಓಡಿದೆ. ಗೋಡೆ ಹಿಡಿದು ನಿಂತಿದ್ದರು, ತುಟಿ ನೀಲಿಗಟ್ಟಿತ್ತು.

"ಏನಿಲ್ಲ ಕಣೇ... ಹೊಗೆ..."

"ಮಹಮೂದಾ ಮನೇದಾ?"

ನಗಲು ಹೋದರು. ಆಗಲಿಲ್ಲ.

ಉಸಿರು ಹದಕ್ಕೆ ಬಂದ ಮೇಲೆ ಮಲಗಿಸಿ, ಮಹಮೂದಾಳನ್ನೇ ಕರೆದು ಹತ್ತಿರ ಕೂರಿಸಿದೆ. ಕಾಗದ ಬಿಚ್ಚಿ, ಕೆಳಗೆ ಸೇರಿಸಿದೆ: "ನನ್ನ ಮಾತಿಗೆ ಬೀಡಿ ಆರುತ್ತಿಲ್ಲ ಅತ್ತಿಗೆ, ನೀವೇ ಬನ್ನಿ. ಆದರೆ ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವಾಗ ಇವರ ಕೈ ಹಿಡಿದುಕೊಳ್ಳುವವಳು ನಾನು. ಅದನ್ನು ಮಾತ್ರ ಕೇಳಬೇಡಿ."

ಅಂಟಿಸಿದೆ. ಅಂಚೆ ಕಚೇರಿವರೆಗೂ ಬಿರಬಿರನೆ ನಡೆದು, ಡಬ್ಬಿಗೆ ಹಾಕಿಬಿಟ್ಟೆ.