ಇನ್ನೂರ ಹದಿನೇಳನೆಯ ಯಂತ್ರ

ಶುಕ್ರವಾರ ಮಧ್ಯಾಹ್ನ ಮಹಾಪೆಯ ಡೇಟಾ ಸೆಂಟರಿನಲ್ಲಿ ಕರೆಂಟು ಎರಡು ಸಲ ಹೋಗಿ ಬಂತು. ಬ್ಯಾಟರಿಗಳು ಹೊರೆ ಹೊತ್ತುಕೊಂಡವು, ಒಂದು ಸರ್ವರ್ ಕೂಡ ನಿಲ್ಲಲಿಲ್ಲ. ಆದರೂ ಶನಿವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಹೇಮಾಂಗಿ ಗವಾಣಕರ ಬಂದು ಪರದೆ ತೆರೆದಾಗ ಅರವತ್ತಮೂರು ಯಂತ್ರಗಳ ಹೆಸರಿನ ಮುಂದೆ ಕೆಂಪು ಗುರುತು ಕೂತಿತ್ತು. ಅವಳು ಗಾಬರಿಯಾಗಲಿಲ್ಲ. ಗುರುವಾರ, ಶುಕ್ರವಾರ ಎರಡು ದಿನ ತಮ್ಮನ ಲಗ್ನಕ್ಕೆಂದು ಚಿಪಳೂಣಕ್ಕೆ ಹೋಗಿ ಬಂದಿದ್ದಳು, ಕೈಯ ಮೆಹಂದಿ ಇನ್ನೂ ಕಪ್ಪಗೇ ಇತ್ತು. ಕೆಂಪು ನೋಡಿ ಅವಳಿಗೆ ಅನಿಸಿದ್ದು ಬೇಸರ ಮಾತ್ರ.

ತನ್ನ ಕೆಲಸ ಏನೆಂದು ಅತ್ತೆಗೆ ತಿಳಿಸಿಹೇಳಲು ಅವಳಿಗೆ ಹನ್ನೊಂದು ವರ್ಷ ಹಿಡಿದಿತ್ತು. ಉಳಿದ ಕ್ಲೌಡ್ ಕಂಪನಿಗಳು ಒಂದು ಯಂತ್ರವನ್ನು ಹತ್ತು ಪಾಲು ಮಾಡಿ ಹತ್ತು ಜನರಿಗೆ ಹಂಚುತ್ತವೆ. ಇಲ್ಲಿ ಹಾಗಲ್ಲ, ಇಡೀ ಯಂತ್ರ ಒಬ್ಬ ಗಿರಾಕಿಗೆ. ಅವನು ಬಿಟ್ಟು ಹೋದ ಮೇಲೆ ಆ ಯಂತ್ರವನ್ನು ಕೂತಲ್ಲಿಂದಲೇ ಎಬ್ಬಿಸಿ, ಡಿಸ್ಕು ತೊಳೆದು, ಹೊಸ ವ್ಯವಸ್ಥೆ ಹಾಕಿ ಮುಂದಿನವರಿಗೆ ಒಪ್ಪಿಸುವ ಸೇವೆ, ಅಂದರೆ ತಾನಾಗಿ ಓಡುವ ಸಾಫ್ಟ್‌ವೇರು, ಹೇಮಾಂಗಿಯದು. ಆರುನೂರು ಯಂತ್ರ, ಕೆಳಗಿನ ಮೂರು ಮಹಡಿಗಳ ತುಂಬ. ಅತ್ತೆ ಎಲ್ಲ ಕೇಳಿ, ಅಂದರೆ ಲಗ್ನ ನಡೆಯುವ ಮಂಗಲ ಕಾರ್ಯಾಲಯದಲ್ಲಿ ಪಾತ್ರೆ ತೊಳೆದು ಎಣಿಸಿ ಇಡುವ ಹೆಂಗಸು ಅನ್ನು ಎಂದಿದ್ದಳು. ಅಷ್ಟು ಸರಿಯಾಗಿ ಕಂಪನಿಯವರೂ ಹೇಳಿರಲಿಲ್ಲ.

ಕೆಂಪು ಗುರುತು ಇದ್ದ ಯಂತ್ರವನ್ನು ಈ ಸೇವೆ ಮುಟ್ಟುವುದಿಲ್ಲ. ಯಂತ್ರದ ಬೋರ್ಡಿನ ಮೇಲಿನ ಪುಟ್ಟ ಕಾವಲು ಚಿಪ್ ಕರೆದಾಗ ಓಗೊಡದಿದ್ದರೆ ಸೇವೆಯೇ ಕೆಂಪು ಹಚ್ಚುತ್ತದೆ. ಮನುಷ್ಯರೂ ಹಚ್ಚಬಹುದು, ಪಕ್ಕದಲ್ಲಿ ಒಂದು ಸಾಲು ಕಾರಣ ಬರೆದು. ತೊಂದರೆ ಏನೆಂದರೆ ಕರೆಂಟು ಹೋಗಿ ಬಂದಾಗಲೆಲ್ಲ ಈ ಚಿಪ್‌ಗಳು ಐದು ನಿಮಿಷ ಮುನಿಸಿಕೊಳ್ಳುತ್ತವೆ, ಆಮೇಲೆ ಸರಿಹೋಗುತ್ತವೆ, ಕೆಂಪು ಮಾತ್ರ ಹಾಗೇ ಉಳಿಯುತ್ತದೆ. ಒಂದೊಂದನ್ನೇ ತೆರೆದು ತೆಗೆದು ಸಾಕಾಗಿ, ನಾಲ್ಕು ವರ್ಷದ ಹಿಂದೆ ಹೇಮಾಂಗಿ ಒಂದೇ ಸಾಲಿನ ಆಜ್ಞೆ ಬರೆದಿದ್ದಳು. ಅದನ್ನು ಓಡಿಸಿದರೆ ಇದ್ದಬದ್ದ ಕೆಂಪೆಲ್ಲ ಒಂದೇ ಸಲಕ್ಕೆ ಹೋಗುತ್ತದೆ. ಎಲ್ಲರಿಗೂ ಇಷ್ಟವಾಯಿತು. ಶನಿವಾರ ಬೆಳಿಗ್ಗೆ ಕೆಂಪು ತೆಗೆಯುವುದು ಈ ಕಟ್ಟಡದ ವ್ರತವಾಗಿಬಿಟ್ಟಿತು. ಕಾರಣ ಓದುವ ಕೆಲಸವನ್ನು ಆ ಆಜ್ಞೆ ಮಾಡುತ್ತಿರಲಿಲ್ಲ, ಓದುವ ಕೆಲಸ ತಪ್ಪಲೆಂದೇ ಅವಳು ಅದನ್ನು ಬರೆದದ್ದು.

ಏಳೂ ಐದಕ್ಕೆ ಆಜ್ಞೆ ಓಡಿಸಿ ಅವಳು ಗೇಟಿನಾಚೆಯ ಚಹಾದ ಗೂಡಂಗಡಿಗೆ, ಟಪರಿಗೆ, ನಡೆದಳು. ಅರ್ಧ ಲೋಟದ ಕಟಿಂಗ್ ಚಹಾ ಕುಡಿದು, ಒಂದು ವಡಾಪಾವ್ ತಿಂದು, ಟಪರಿಯವನ ಹೆಂಡತಿಗೆ ಲಗ್ನದ ಫೋಟೋ ತೋರಿಸಿ ತಿರುಗಿ ಬರುವಷ್ಟರಲ್ಲಿ ಏಳೂವರೆ ಆಗಿತ್ತು. ಪಟ್ಟಿ ಪೂರ್ತಿ ಹಸಿರಾಗಿತ್ತು. ಗಿರಾಕಿ ಬಿಟ್ಟುಹೋಗಿ ತೊಳೆಸಿಕೊಳ್ಳಲು ಕಾದಿದ್ದ ಹನ್ನೊಂದು ಯಂತ್ರಗಳನ್ನು, ಕೆಂಪು ಹೋದದ್ದೇ ತಡ, ಸೇವೆ ತಾನಾಗಿಯೇ ಎತ್ತಿಕೊಂಡು ತೊಳೆದು ಮುಗಿಸಿತ್ತು.

ಹತ್ತು ಯಂತ್ರಗಳ ದಾಖಲೆಯಲ್ಲಿ ವಿಶೇಷ ಏನೂ ಇರಲಿಲ್ಲ. ಹನ್ನೊಂದನೆಯದರ ಮೇಲೆ, ಇನ್ನೂರ ಹದಿನೇಳರ ಮೇಲೆ, ಅವಳ ಕಣ್ಣು ಯಾಕೋ ನಿಂತಿತು. ತೊಳೆಯುವ ಮೊದಲು ಸೇವೆ ಒಂದು ಸಾಲು ಬರೆದಿತ್ತು: ಓಡುತ್ತಿದ್ದ ಯಂತ್ರವನ್ನು ನಿಲ್ಲಿಸಲಾಯಿತು.

ಯಾರದೂ ಅಲ್ಲದ ಯಂತ್ರ ಓಡುವುದು ಯಾರಿಗಾಗಿ? ಅವಳು ಕುರ್ಚಿ ಹತ್ತಿರ ಎಳೆದುಕೊಂಡಳು. ಪಟ್ಟಿಯ ಪ್ರಕಾರ ಇನ್ನೂರ ಹದಿನೇಳರಲ್ಲಿ ಇರುವುದು ಎರಡು ಡಿಸ್ಕು. ತೊಳೆದದ್ದು ಎಂಟು. ಮೊದಲು ತನಗೇ ಎಣಿಕೆ ತಪ್ಪಿತೆಂದುಕೊಂಡು ಬೆರಳಿಟ್ಟು ಮತ್ತೆ ಎಣಿಸಿದಳು. ಎಂಟೇ. ಎಂಟು ಡಿಸ್ಕುಗಳೂ ನಲವತ್ತೇ ಸೆಕೆಂಡಿನಲ್ಲಿ ಮುಗಿದಿದ್ದವು. ಈ ಡಿಸ್ಕುಗಳು ಏನೇ ಬರೆದರೂ ಬೀಗ ಹಾಕಿಯೇ ಬರೆಯುತ್ತವೆ. ತೊಳೆಯುವುದೆಂದರೆ ಬೀಗದ ಕೈಯನ್ನು ಸುಟ್ಟುಬಿಡುವುದು, ಆಮೇಲೆ ಒಳಗಿದ್ದದ್ದು ಇದ್ದೂ ಇಲ್ಲ. ತಾಸುಗಟ್ಟಲೆ ಉಜ್ಜುವ ಹಳೆಯ ಪದ್ಧತಿ ಬಿಡಿಸಿ ಇದನ್ನು ತಂದವಳೂ ಅವಳೇ.

ಹಳೆಯ ದಾಖಲೆ ಕೆದಕಿ, ತಾನು ಅಳಿಸಿದ ಅರವತ್ತಮೂರು ಕೆಂಪು ಗುರುತುಗಳ ಕಾರಣಗಳನ್ನು ತೆಗೆದಳು. ಅರವತ್ತೆರಡರಲ್ಲಿ ಸೇವೆ ತಾನೇ ಬರೆದ ಒಂದೇ ವಾಕ್ಯ, ಚಿಪ್ ಓಗೊಡುತ್ತಿಲ್ಲವೆಂದು. ಒಂದರಲ್ಲಿ ಮಾತ್ರ ಮನುಷ್ಯರ ಮಾತಿತ್ತು.

"ಕೈ ಹಚ್ಚಬ್ಯಾಡ್ರಿ. ಇದು ಈಗ 88ರ ಹೊಟ್ಟಿ ಒಳಗ ಐತಿ. ದತ್ತಾರಾಮ."

ದತ್ತಾರಾಮ ಮ್ಹಾತ್ರೆಗೆ ಐವತ್ತೇಳು ವರ್ಷ. ಕಟ್ಟಡಕ್ಕೆ ಮೊದಲ ರ‍್ಯಾಕು ಬಂದ ದಿನದಿಂದ ಸ್ಕ್ರೂ ಬಿಗಿಯುತ್ತಿರುವವನು, ಎಲ್ಲರಿಗೂ ದತ್ತೂಮಾಮಾ. ಫೋನು ಮಾಡಿದ ಎರಡು ನಿಮಿಷಕ್ಕೆ ಕೆಳಗಿನ ಮಹಡಿಯಿಂದ ಮೇಲೆ ಬಂದ. ಅಲ್ಲಿನ ಚಳಿಗೆ ಹಾಕಿಕೊಂಡ ಸ್ವೆಟರು ಮೈಮೇಲೆಯೇ ಇತ್ತು. ಅವನು ಹೇಳಿದ್ದು ಇಷ್ಟು: ಗುರುವಾರ ಮಧ್ಯಾಹ್ನ ಎಂಬತ್ತೆಂಟರ ಬೋರ್ಡು ಸುಟ್ಟಿತು. ಉಗ್ರಾಣದಲ್ಲಿ ಹೊಸ ಬೋರ್ಡು ಇರಲಿಲ್ಲ. ಇಂಥ ಹೊತ್ತಿನಲ್ಲಿ ಇಲ್ಲಿನವರು ಯಾವಾಗಲೂ ಮಾಡುವುದನ್ನೇ ಅವನೂ ಮಾಡಿದ. ಖಾಲಿ ಬಿದ್ದು ತೊಳೆಸಿಕೊಳ್ಳಲು ಕಾದಿದ್ದ ಇನ್ನೂರ ಹದಿನೇಳರ ಬೋರ್ಡು ಬಿಚ್ಚಿ ಎಂಬತ್ತೆಂಟರ ಡಬ್ಬಿಗೆ ಕೂರಿಸಿದ. ಡಿಸ್ಕುಗಳು ಇದ್ದಲ್ಲೇ ಇದ್ದವು, ನಾಲ್ಕು ಗಂಟೆಗೆ ಗಿರಾಕಿಯ ಕೆಲಸ ಶುರುವಾಯಿತು. ಯಂತ್ರದ ಗುರುತಿನ ಸಂಖ್ಯೆ ಇರುವುದು ಬೋರ್ಡಿನಲ್ಲಿ. ಹಾಗಾಗಿ ಪಟ್ಟಿಯ ಲೆಕ್ಕದಲ್ಲಿ ಎಂಬತ್ತೆಂಟು ಮಾಯವಾಗಿತ್ತು, ಇನ್ನೂರ ಹದಿನೇಳು ಇನ್ನೂ ಖಾಲಿಯೇ ಇತ್ತು. ಪಟ್ಟಿ ತಿದ್ದಲು ಒಪ್ಪಿಗೆ ಬೇಕು, ಒಪ್ಪಿಗೆಯ ಸಭೆ ಸೋಮವಾರ. ಅಲ್ಲಿಯವರೆಗೆ ಯಾರೂ ಮುಟ್ಟದಿರಲಿ ಎಂದು ಕೆಂಪು ಹಚ್ಚಿದ್ದ.

"ಕೆಂಪು ಯಾರು ತೆಗೆದ್ರು ಪೋರಿ?" ಎಂದು ಕೇಳಿದ.

"ನಾನ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ವೆಟರಿನ ತೋಳನ್ನು ಮೇಲಕ್ಕೂ ಕೆಳಕ್ಕೂ ಎಳೆಯುತ್ತ ನಿಂತ.

"ಎಂಬತ್ತೆಂಟು ಯಾರದು, ಮಾಮಾ?"

"ಸಮುದ್ರದ ಖಾಡಿ ದಾಟಿ ಆಚಿ ದವಾಖಾನೀದು. ಕ್ಯಾನ್ಸರ್ ಮಂದಿಗೆ ಕಿರಣ ಬಿಡೂ ವಿಭಾಗ."

ಮಹಡಿಯ ಮುಖ್ಯಸ್ಥ ಶಿರೀಷ ಕರಂದೀಕರ ಎಂಟಕ್ಕೆ ಬಂದ. ಕೆಟ್ಟ ಮನುಷ್ಯನಲ್ಲ, ಆದರೆ ಕೆಟ್ಟ ಸುದ್ದಿಯನ್ನು ಹೊರಗೆ ಬಿಡುವ ಮೊದಲು ಇಸ್ತ್ರಿ ಮಾಡಬೇಕೆನ್ನುವ ಜಾತಿಯವನು. ಅವನು ಕೂಗಾಡಲಿಲ್ಲ, ಬ್ಯಾಕಪ್ ಪ್ರತಿ ಎನ್ನುವುದೊಂದು ಇದೆಯಲ್ಲ ಎಂದ. ಇತ್ತು. ಆಸ್ಪತ್ರೆಯ ಡಿಸ್ಕುಗಳ ಪ್ರತಿಯನ್ನು ದಿನಕ್ಕೊಮ್ಮೆ ತೆಗೆದಿಡುವ ಬೇರೆ ಸೇವೆಯೊಂದಿತ್ತು. ಆದರೆ ಅದಕ್ಕೂ ಗೊತ್ತಿದ್ದದ್ದು ಎಂಬತ್ತೆಂಟು ಎಂಬ ಸಂಖ್ಯೆ ಮಾತ್ರ. ಗುರುವಾರದಿಂದ ಆ ಸಂಖ್ಯೆ ಸಿಕ್ಕಿರಲಿಲ್ಲ, ಸಿಗಲಿಲ್ಲವೆಂದು ಬರೆದಿಟ್ಟು ಅದು ಸುಮ್ಮನಾಗಿತ್ತು. ಕೊನೆಯ ಪ್ರತಿ ಬುಧವಾರದ್ದು.

ಬುಧವಾರದ ಪ್ರತಿಯನ್ನು ಬೇರೊಂದು ಯಂತ್ರಕ್ಕೆ ಇಳಿಸಿದರು. ಇಳಿಸಿದವಳು ಹೇಮಾಂಗಿಯೇ, ಕೈ ತನ್ನ ಪಾಡಿಗೆ ಓಡುತ್ತಿತ್ತು. ಎಂಟೂನಲವತ್ತಕ್ಕೆ ಆಸ್ಪತ್ರೆಯ ಕೆಲಸ ಮತ್ತೆ ಎದ್ದು ನಿಂತಿತು. ಕರಂದೀಕರ ಆಸ್ಪತ್ರೆಗೆ ಮೇಲ್ ಕಳಿಸಿದ: ಸ್ವಲ್ಪ ಹೊತ್ತಿನ ಅಡಚಣೆಗೆ ವಿಷಾದ, ಸೇವೆ ಈಗ ಪೂರ್ತಿ ಸರಿಯಾಗಿದೆ. ಗುರುವಾರ, ಶುಕ್ರವಾರದ್ದು ಹೋಯಿತಲ್ಲ ಎಂದು ಅವಳು ಕೇಳಿದಾಗ, ಅದು ಅವರ ಹತ್ತಿರ ಕಾಗದದ ಮೇಲೆ ಇದ್ದೇ ಇರುತ್ತದೆ, ಪೂರ್ತಿ ತನಿಖೆ ಮಾಡಿ ಸೋಮವಾರ ವಿವರವಾಗಿ ತಿಳಿಸೋಣ, ಅರ್ಧಂಬರ್ಧ ಹೇಳಿ ಹೆದರಿಸುವುದು ಬೇಡ ಎಂದ. ಪರದೆಯ ತುಂಬ ಹಸಿರು.

ಒಂಬತ್ತಾದರೂ ದತ್ತೂಮಾಮಾ ಇನ್ನೂ ಹೋಗಿರಲಿಲ್ಲ. ಬಾಗಿಲ ಹತ್ತಿರ ನಿಂತವನು, ಏನೋ ಲೆಕ್ಕ ಹಾಕುವವನಂತೆ, ಅವಳನ್ನು ಹೊರಗಿನ ಓಣಿಗೆ ಕರೆದ.

ನಿನ್ನೆ ಸಂಜೆ ಐದಕ್ಕೆ ಅವನು ಆಸ್ಪತ್ರೆಗೆ ಫೋನು ಮಾಡಿದ್ದನಂತೆ. ಅವಸರದಲ್ಲಿ ಕೂರಿಸಿದ ಬೋರ್ಡಿನ ಎರಡು ಸ್ಕ್ರೂ ಬಿಗಿಯಬೇಕಿತ್ತು, ಹತ್ತು ನಿಮಿಷ ಯಂತ್ರ ನಿಲ್ಲಿಸಲೇ ಎಂದು ಕೇಳಲು. ಅಲ್ಲಿನ ಕಿರಣ ವಿಭಾಗದ ಮುಖ್ಯಸ್ಥೆ ನಸ್ರೀನ್ ಮುಕಾದಮ್ ಬೇಡವೆಂದಿದ್ದಳು. ಒಂಬತ್ತು ಜನರ ಗಡ್ಡೆ ಕುಗ್ಗಿದೆ, ಅವರಿಗೆ ಹೊಸ ನಕ್ಷೆ ಹಾಕುತ್ತಿದ್ದೇವೆ, ಏಳರವರೆಗೆ ಮುಟ್ಟಬೇಡಿ ಎಂದಿದ್ದಳು.

"ನಕ್ಷೆ ಅಂದ್ರ?"

"ಕಿರಣ ಎಲ್ಲಿ ಬೀಳಬೇಕು ಅಂಬೂದು. ಗಡ್ಡಿ ಇದ್ದ ಜಾಗಾದಾಗ ಈಗ ಚಲೋ ಮೈ ಬಂದೈತಿ ಅಂದ್ಲು ಆಕಿ. ಶನಿವಾರದಿಂದ ಹೊಸ ನಕ್ಷಿ ಪ್ರಕಾರ." ಅವನು ಬೆರಳು ಮಡಚಿ ಎಣಿಸಿದ. "ಶನಿವಾರ ಅಂದ್ರ ಇವತ್ತ ಅಲ್ಲೇನ ಪೋರಿ?"

ಹೇಮಾಂಗಿಗೆ ಈಗ ಅರ್ಥವಾಯಿತು. ಬುಧವಾರದ ಪ್ರತಿಯಲ್ಲಿ ಇರುವುದು ಹಳೆಯ ನಕ್ಷೆ. ಅಲ್ಲಿನವರ ಪರದೆಯ ಮೇಲೆ ಎಲ್ಲ ಹೆಸರೂ ಇರುತ್ತದೆ, ಎಲ್ಲ ಚಿತ್ರವೂ ಇರುತ್ತದೆ, ಏನೂ ಕಳೆದಂತೆ ಕಾಣುವುದೇ ಇಲ್ಲ. ಯಂತ್ರ ಸತ್ತೇ ಬಿದ್ದಿದ್ದರೆ ಯಾರಿಗೂ ಅಪಾಯವಿರಲಿಲ್ಲ. ಅವಳು ಅದನ್ನು ಎಬ್ಬಿಸಿ ಕೂರಿಸಿ, ಸುಳ್ಳು ಹೇಳುವಂತೆ ಮಾಡಿದ್ದಳು.

ಒಳಗೆ ಹೋಗಿ ಕರಂದೀಕರನಿಗೆ ಹೇಳಿದಳು. ಅವನ ಮುಖವೂ ಬಿಳಿಚಿತು. ಆದರೂ ಗಿರಾಕಿಯ ಜೊತೆ ಮಾತನಾಡುವುದು ಗಿರಾಕಿ ವಿಭಾಗದವರು, ನಾನು ಪುಣೆಯ ಕಚೇರಿಯ ದೊಡ್ಡವರಿಗೆ ತಿಳಿಸುತ್ತೇನೆ, ಅವರು ಹತ್ತು ಗಂಟೆಯೊಳಗೆ ಹೇಗೆ ಹೇಳಬೇಕೋ ತೀರ್ಮಾನಿಸುತ್ತಾರೆ, ನೀನು ಮಾತ್ರ ಫೋನು ಮಾಡಬೇಡ, ನಿನ್ನ ಹೆಸರೇ ಮೊದಲು ಬರುತ್ತದೆ ಎಂದ. ಕೊನೆಯ ಮಾತನ್ನು ಅವನು ನಿಜವಾಗಿ ಅವಳ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ಹತ್ತಕ್ಕೆ ಇನ್ನೂ ಮುಕ್ಕಾಲು ತಾಸಿತ್ತು, ಅಷ್ಟರಲ್ಲಿ ಎಷ್ಟು ಜನ ಕಿರಣದ ಮೇಜು ಹತ್ತಿ ಇಳಿಯುತ್ತಾರೆಂದು ಅವಳು ಎಣಿಸತೊಡಗಿದಳು. ಎಣಿಸುತ್ತಲೇ ಹೊರಗೆ ಬಂದು ದತ್ತೂಮಾಮಾನ ಮುಂದೆ ಕೈ ಚಾಚಿದಳು.

ಅವನು ಫೋನು ಕೊಟ್ಟ. ಮುಕಾದಮ್ ಎಂಬ ಹೆಸರನ್ನು ತಾನೇ ಒತ್ತಿ ಕೊಟ್ಟ. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲ ಎತ್ತಿದ ಹುಡುಗಿ ಮ್ಯಾಡಮ್ ಒಳಗಿದ್ದಾರೆ, ರೋಗಿಯನ್ನು ಮಲಗಿಸುತ್ತಿದ್ದಾರೆ, ಹತ್ತು ನಿಮಿಷ ಬಿಟ್ಟು ಮಾಡಿ ಎಂದಳು. ಹೇಮಾಂಗಿ ತನ್ನದಲ್ಲದ ದನಿಯಲ್ಲಿ, ಆ ರೋಗಿಯ ಸಲುವಾಗಿಯೇ ಮಾತಾಡಬೇಕು, ಈಗಲೇ ಕೊಡು ಎಂದಳು.

ನಸ್ರೀನ್ ಮುಕಾದಮ್ ಬಂದಳು. ಹೇಮಾಂಗಿ ಸುತ್ತು ಬಳಸಲಿಲ್ಲ. ನಿನ್ನೆ ನೀವು ಹಾಕಿದ ಹೊಸ ನಕ್ಷೆಗಳು ಅಳಿಸಿ ಹೋಗಿವೆ, ನಿಮ್ಮ ಮುಂದಿರುವುದು ಬುಧವಾರದ್ದು, ಯಾರಿಗೂ ಕಿರಣ ಬಿಡಬೇಡಿ ಎಂದಳು. ಆ ಕಡೆ ಫೋನನ್ನು ಎಲ್ಲೋ ಇಟ್ಟ ಸದ್ದು, ಓಡುವ ಚಪ್ಪಲಿಯ ಸದ್ದು, ನಿಲ್ಲಿಸು ಎಂದು ಎರಡು ಸಲ ಯಾರೋ ಹೇಳಿದ್ದು, ಒಂದು ಭಾರವಾದ ಬಾಗಿಲು ತೆರೆದದ್ದು. ದತ್ತೂಮಾಮಾ ಅವಳ ಮುಖವನ್ನೇ ನೋಡುತ್ತಿದ್ದ.

ನಸ್ರೀನ್ ಮತ್ತೆ ಬಂದಾಗ ಅವಳ ದನಿ ತಗ್ಗಿತ್ತು.

"ಈಕಿನ್ನ ಇಳಿಸಿದ್ವಿ. ಈಕಿ ಮೂರನೇದಾಕಿ."

"ಮೊದಲಿನಿಬ್ಬರು?"

"ಇಬ್ಬರೂ ಆ ಒಂಬತ್ತು ಜನರೊಳಗಿನವರ. ಎಂಟರಿಂದ ಕಾಯಿಸಿ ಕೂಡಿಸಿದ್ವಿ. ನಿಮ್ಮ ಮೇಲ್ ಬಂತು, ಪೂರ್ತಿ ಸರಿಯಾಗೇದ ಅಂತ. ಅದನ್ನ ನೋಡೇ ಶುರು ಮಾಡಿದ್ವಿ." ಉಸಿರು ಎಳೆದುಕೊಂಡಳು. "ಒಬ್ಬಾಂವಂದು ಕಣ್ಣಿನ ಹಿಂದಿನ ಗಡ್ಡಿ. ಹೆಂಡ್ತಿ ಜೋಡಿ ಆಟೋ ಹತ್ತಿ ಮನೀಗೆ ಹೋದ. ಅವರಿಗೆ ಫೋನ್ ಮಾಡಿ ನಾ ಏನಂತ ಹೇಳಲಿ? ನೀವ ಹೇಳ್ರಿ."

ಹಿಂದೆ ಬಾಗಿಲು ಸರಿದ ಸದ್ದಾಯಿತು. ಕರಂದೀಕರ ಬಂದು ನಿಂತಿದ್ದ, ಕೈಯಲ್ಲಿ ಅವನ ಫೋನು, ಪುಣೆಯವರು ಇನ್ನೂ ಎತ್ತಿರಲಿಲ್ಲ. ಕತ್ತು ಅಲ್ಲಾಡಿಸಿ ಬೇಡ ಎನ್ನುತ್ತಿದ್ದ.

"ನೀವು ಹೇಳಬ್ಯಾಡ್ರಿ," ಎಂದಳು ಅವಳು ನಸ್ರೀನಳಿಗೆ. "ಅವರನ್ನ ವಾಪಸ್ ಕರೀರಿ. ನಾ ಬರ್ತೀನಿ. ನನ್ನ ಹೆಸರು ಹೇಮಾಂಗಿ ಗವಾಣಕರ, ಬರಕೊಳ್ರಿ. ಅಳಿಸಿದಾಕಿ ನಾನ ಅಂತ ಅವರ ಮುಂದ ನಾನ ಹೇಳ್ತೀನಿ."

ನಸ್ರೀನ್ ಹೆಸರನ್ನು ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡಳು. ಹೇಮಾಂಗಿ ಫೋನನ್ನು ದತ್ತೂಮಾಮಾನಿಗೆ ಕೊಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿದಳು. ಗೇಟಿನ ಹೊರಗೆ ರಿಕ್ಷಾದವನು ಎಲ್ಲಿಗೆ ಎಂದು ಕೇಳಿದಾಗ ಅವಳಿಗೆ ಆಸ್ಪತ್ರೆಯ ಹೆಸರು ತಟ್ಟನೆ ಬಾಯಿಗೆ ಬರಲಿಲ್ಲ. ಅಷ್ಟು ವರ್ಷ ಅದು ಅವಳಿಗೆ ಎಂಬತ್ತೆಂಟು ಮಾತ್ರ ಆಗಿತ್ತು.