ಮುನಿತಾಯಮ್ಮನ ಎಡೆ

ಕೆಂಪರಾಜು ಎಸೆದ ಪುಸ್ತಕ ಜಗುಲಿಯ ಮೇಲೆ ಜಾರಿ ಚಲಪತಿಯ ಕಾಲ ಬಳಿ ಬಿತ್ತು. ಎತ್ತಿಕೊಳ್ಳಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಕೃಷ್ಣಗಿರಿ ಸೀಮೆಯ ಹಳೆಯ ಕೊಲೆಗಳು, ದೆವ್ವದ ಕಥೆಗಳು. ಚಲಪತಿಯೇ ಬರೆದದ್ದು.

"ಹನ್ನೊಂದನೇ ಕಥೆ ನಮ್ಮಜ್ಜೀದು. ನಮ್ಮವ್ವನ ಮುಂದೆ ನೀನೇ ಓದ್ಲಾ."

ಚಲಪತಿ ಓದಲಿಲ್ಲ. ಮೂಕಂಡಪಲ್ಲಿಯ ಕಾರ್ಖಾನೆಯಲ್ಲಿ ದುಡಿಯುತ್ತ ಸಂಜೆ ಕಾಲೇಜಿನಲ್ಲಿ ಕಲಿತವನು. ತಪ್ಪು ಬರೆದೇನೆಂಬ ಹೆದರಿಕೆ ಅವನಿಗೆ ಸದಾ ಇತ್ತು. ಅದಕ್ಕೇ ಕೋರ್ಟಿನಿಂದ ತೀರ್ಪಿನ ನಕಲು ತರಿಸಿ ಮೂರು ಸಲ ಓದಿದ್ದ. ನಲವತ್ತು ವರ್ಷದ ಹಿಂದೆ, ಹೊಲದ ಗಡಿ ಜಗಳದಲ್ಲಿ ಮುನಿತಾಯಮ್ಮನ ಕತ್ತು ಹಿಸುಕಿ ಬಾವಿಗೆ ಹಾಕಿದ್ದರು. ಸಿಕ್ಕಿಬಿದ್ದ ಅವಳ ಮೈದುನ ಸಾಕ್ಷಿ ಸಾಲದೆ ಬಿಡುಗಡೆಯಾಗಿದ್ದ. ಹಾಗಾಗಿ ಅವನ ಹೆಸರನ್ನು ಚಲಪತಿ ಬಿಟ್ಟಿದ್ದ. ಕೆಂಪರಾಜು ಫೋನ್ ಮಾಡಿದಾಗ ಹೆಸರು ಯಾಕೆ ಬಿಟ್ಟೆ ಎಂದು ಕೇಳುತ್ತಾರೆಂದುಕೊಂಡು, ನಕಲನ್ನು ಚೀಲದಲ್ಲಿಟ್ಟು ಜವಳಗಿರಿ ಬಸ್ಸು ಹತ್ತಿದ್ದ.

ಈಗ ಅದನ್ನು ಹೊರತೆಗೆದ. ಮುನಿತಾಯಮ್ಮನ ಹಿರಿಮಗಳು, ಕೆಂಪರಾಜುವಿನ ತಾಯಿ ಪಿಳ್ಳಮ್ಮ ಅದರತ್ತ ನೋಡಲೂ ಇಲ್ಲ.

"ಕೊಂದೋನ ಮಾತು ಬಿಡು, ಅವ್ನು ಮಣ್ಣಾದ. ನಮ್ಮವ್ವ ಅಮಾಸೆ ದಿನ ಬಾವಿಕಟ್ಟೆ ಮ್ಯಾಲೆ ಕುಂತು ಅನ್ನ ಕೇಳ್ತಾಳೆ ಅಂತ ಬರ್ದಿದೀಯಲ್ಲ, ನೋಡ್ದೋರ್ಯಾರು?"

ಊರಲ್ಲಿ ಹಾಗೆ ಹೇಳುತ್ತಾರೆ ಎಂದ ಚಲಪತಿ. ಯಾರು ಹೇಳಿದ್ದೆಂದು ನೆನಪಾಗಲಿಲ್ಲ. ಇಡೀ ಕಥೆಯಲ್ಲಿ ಅದೊಂದು ಮಾತನ್ನು ಮಾತ್ರ ಅವನು ವಿಚಾರಿಸಿ ನೋಡಿರಲಿಲ್ಲ. ದೆವ್ವದಿಂದ ಯಾರಿಗೇನು ತೊಂದರೆ ಎಂದುಕೊಂಡಿದ್ದ.

"ನಲ್ವತ್ತು ವರ್ಷ ಎಡೆ ಇಕ್ಕಿವ್ನಿ. ಒಂದು ಹಿರೀರ ಹಬ್ಬ ತಪ್ಸಿಲ್ಲ. ನಮ್ಮವ್ವ ಹಸ್ಕೊಂಡು ತಿರುಗ್ತಾಳೆ ಅಂದ್ರೆ ನಾನು ಇಕ್ಕಿದ್ದು ಅವ್ಳಿಗೆ ಸೇರಿಲ್ಲ ಅಂತ ತಾನೆ?"

ಅವಳ ತಂಗಿಯ ಗಂಡ ಕದಿರಪ್ಪ ಪುಸ್ತಕ ಓದಿ ಅದನ್ನೇ ಹೇಳಿದ್ದ. ಈ ಹಬ್ಬದ ಅಮಾವಾಸ್ಯೆಗೆ ಕಾಗೆ ಎಡೆ ಮುಟ್ಟದಿದ್ದರೆ ಬರುವ ವರ್ಷದಿಂದ ಎಡೆ ತನ್ನ ಮನೆಯಲ್ಲಿ ಎಂದು ನೆಂಟರನ್ನೆಲ್ಲ ಒಪ್ಪಿಸಿದ್ದ. ಅಂಗಳದ ತುಂಬ ಅವರೇ ಕೂತಿದ್ದರು. ಬರೆದವನೇ ಕಣ್ಣಾರೆ ನೋಡಲಿ ಎಂದು ಪಿಳ್ಳಮ್ಮ ಅವನನ್ನು ಕರೆಸಿದ್ದಳು.

ಮುದ್ದೆ, ಅವರೆಕಾಳು ಸಾರು, ವಡೆ, ಸತ್ತವಳಿಗೆ ಇಷ್ಟವಾಗಿದ್ದ ಎಲೆಅಡಿಕೆ. ಪಿಳ್ಳಮ್ಮ ಬಾಳೆಲೆಯನ್ನು ಅಂಗಳದ ಗೋಡೆಯ ಮೇಲಿಟ್ಟು ಕೈಮುಗಿದು ಕಾ, ಕಾ ಎಂದು ಕೂಗಿದಳು. ಹೊಂಗೆಮರಕ್ಕೆ ಒಂದು ಕಾಗೆ ಬಂತು. ಎಲೆಯನ್ನು ನೋಡಿತು, ಕೊಕ್ಕನ್ನು ಕೊಂಬೆಗೆ ಉಜ್ಜಿತು. ಇಳಿಯಲಿಲ್ಲ.

"ಕಾಗೇನೂ ಪುಸ್ತಕ ಓದೈತೆ ಕಣಮ್ಮ," ಎಂದ ಕದಿರಪ್ಪ. ಒಬ್ಬಿಬ್ಬರು ನಕ್ಕರು.

ಮುಂದಿನ ಮುದ್ರಣದಲ್ಲಿ ಆ ಮಾತು ತೆಗೆದುಬಿಡುತ್ತೇನೆ ಎಂದು ಚಲಪತಿ ಮೆಲ್ಲಗೆ ಹೇಳಿದ. ಪಿಳ್ಳಮ್ಮ ಮರದಿಂದ ಕಣ್ಣು ಕೀಳಲಿಲ್ಲ.

"ಇವ್ರ ತಲೆಯಿಂದ ತೆಗಿ."

ಅವನು ಎರಡು ಹೆಜ್ಜೆ ಹಿಂದೆ ಸರಿದ. ಕಾಗೆ ಇನ್ನೂ ಮೇಲಿನ ಕೊಂಬೆಗೆ ಹಾರಿತು. ಎಲ್ಲರೂ ತಿರುಗಿ ಅವನನ್ನೇ ನೋಡಿದರು.

"ಹೋಗು," ಎಂದಳು ಪಿಳ್ಳಮ್ಮ. "ನೀನಿದ್ರೆ ಅದು ಇಳಿಯಕಿಲ್ಲ."

ಕೆಂಪರಾಜು ದಾರಿ ಬಿಟ್ಟ. ಚಲಪತಿ ರಾಗಿ ಹೊಲ ದಾಟಿ ರಸ್ತೆಗೆ ಬರುವವರೆಗೂ ತಿರುಗಿ ನೋಡಲಿಲ್ಲ. ಬಸ್ಸು ಬಂದು ನಿಂತಿತು. ಎಲ್ಲಿಗೆ ಎಂದು ಕಂಡಕ್ಟರ್ ತಮಿಳಿನಲ್ಲಿ ಎರಡು ಸಲ ಕೇಳಿದ. ಹೊಲದಾಚೆಯಿಂದ ಪಿಳ್ಳಮ್ಮ ಕಾ, ಕಾ ಎಂದು ಕರೆಯುವುದು ಇನ್ನೂ ಕೇಳುತ್ತಿತ್ತು. ಕೂಗಿ ಕೂಗಿ ಅವಳ ದನಿ ಒಡೆದಿತ್ತು.